ಸ್ಲೀಪ್ ಸ್ಟಡಿಗೆ ಕಾಯುತ್ತಿದ್ದೀರಾ? ಮನೆಗೇ ಮೆಷಿನ್ ತರುವವರ ಬಗ್ಗೆ ಎಚ್ಚರ

ಸ್ಲೀಪ್ ಅಪ್ನಿಯಾ ಅಂದರೆ ನಿದ್ದೆಯಲ್ಲಿ ಮತ್ತೆ ಮತ್ತೆ ಉಸಿರು ನಿಲ್ಲುವ ಕಾಯಿಲೆ. ಅದರ ಪರೀಕ್ಷೆಗೆ, ಅಂದರೆ ಸ್ಲೀಪ್ ಸ್ಟಡಿಗೆ, ಹೆಸರು ಬರೆಸಿ ಕಾಯುತ್ತಿರುವವರು ದಯವಿಟ್ಟು ಇದನ್ನು ಓದಿ. ಹೀಗೆ ಕಾಯುತ್ತಿದ್ದಾಗಲೇ ನಮ್ಮ ಭಾವನಿಗೆ ಒಬ್ಬರು ಸಿಪ್ಯಾಪ್ ಮೆಷಿನ್ (ಮಲಗಿದಾಗ ಮಾಸ್ಕ್ ಮೂಲಕ ಒತ್ತಡದಲ್ಲಿ ಗಾಳಿ ಕೊಟ್ಟು ಗಂಟಲು ಮುಚ್ಚದ ಹಾಗೆ ನೋಡುವ ಯಂತ್ರ) ಮಾರಿ ಹೋದರು. ಹಣ ಹೋಯಿತು. ಅದಕ್ಕಿಂತ ದೊಡ್ಡ ನಷ್ಟ ಆಮೇಲೆ ಆಯಿತು.

ಭಾವ ಬದಿಯಡ್ಕದಿಂದ ಮಂಗಳೂರಿಗೆ ಪಿಕಪ್‌ನಲ್ಲಿ ಅಡಿಕೆ ಸಾಗಿಸುತ್ತಾರೆ. ರಾತ್ರಿ ಗೊರಕೆ ಥಟ್ಟನೆ ನಿಂತು, ಸ್ವಲ್ಪ ಹೊತ್ತು ಉಸಿರೇ ಇಲ್ಲದೆ, ಆಮೇಲೆ ನೀರಲ್ಲಿ ಮುಳುಗಿ ಎದ್ದವರ ಹಾಗೆ ಉಸಿರೆಳೆಯುವುದನ್ನು ಅಕ್ಕ ಗಮನಿಸಿದಳು. ಬೆಳಿಗ್ಗೆ ತಲೆನೋವು, ಹಗಲು ಕೂತಲ್ಲೇ ತೂಕಡಿಕೆ. ಡಾಕ್ಟರು ಸ್ಲೀಪ್ ಸ್ಟಡಿಗೆ ಬರೆದರು. ಮಂಗಳೂರಿನಲ್ಲಿ ದಿನ ಸಿಕ್ಕಿದ್ದು ವಾರಗಟ್ಟಲೆ ಆಚೆಗೆ.

ಕಾಸರಗೋಡಿನ ಕನ್ನಡಿಗರಿಗೆ ದೊಡ್ಡ ಕಾಯಿಲೆ ಅಂದರೆ ಮಂಗಳೂರೇ. 2020ರಲ್ಲಿ ಕೋವಿಡ್ ಅಂತ ಕೇರಳ-ಕರ್ನಾಟಕ ನಡುವಿನ ತಲಪಾಡಿ ಗಡಿ ಮುಚ್ಚಿದಾಗ ಎಷ್ಟು ಒದ್ದಾಡಿದೆವು ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಹಾಗಿರುವಾಗ "ನೀವು ಎಲ್ಲೂ ಬರಬೇಡಿ, ನಾವೇ ಮನೆಗೆ ಬರುತ್ತೇವೆ" ಅಂದರೆ ಯಾರಿಗಾದರೂ ಸಮಾಧಾನ ಆಗುತ್ತದೆ, ಅಲ್ವಾ?

ಬಂದವರು ರಾತ್ರಿ ಬೆರಳಿಗೆ ಆಕ್ಸಿಜನ್ ನೋಡುವ ಕ್ಲಿಪ್ ಹಾಕಿಸಿದರು. ಬೆಳಿಗ್ಗೆ, "ತುಂಬಾ ಸೀರಿಯಸ್, ಟೆಸ್ಟಿಗೆ ಕಾದರೆ ಹೃದಯಕ್ಕೆ ಹೊಡೆತ" ಅಂದರು. ಅಕ್ಕ ಹೆದರಿದಳು. ಹೆದರದೆ ಇರುತ್ತಾಳಾ? ಯಾರೋ ಬಳಸಿದ ಮೆಷಿನ್, ನಗದು ಹಣ, ಬಿಲ್ ಇಲ್ಲ.

ಆ ಕ್ಲಿಪ್ ಆಕ್ಸಿಜನ್ ಇಳಿಯುವುದನ್ನು ತೋರಿಸುತ್ತದೆ. ಯಾಕೆ ಇಳಿಯಿತು ಅಂತ ಹೇಳುವುದಿಲ್ಲ. ಗಂಟಲು ಮುಚ್ಚಿಕೊಂಡು ಉಸಿರು ನಿಲ್ಲಬಹುದು. ಮೆದುಳಿನಿಂದ ಸೂಚನೆಯೇ ಬಾರದೆಯೂ ನಿಲ್ಲಬಹುದು. ಶ್ವಾಸಕೋಶದ ಕಾಯಿಲೆಯೂ ಇರಬಹುದು. ಎಲ್ಲಕ್ಕೂ ಚಿಕಿತ್ಸೆ ಒಂದೇ ಅಲ್ಲ. ಸರಿಯಾದ ಪರೀಕ್ಷೆಯಲ್ಲಿ ಮೂಗಿನ ಗಾಳಿ, ಎದೆ ಹೊಟ್ಟೆಯ ಏರಿಳಿತ, ಆಕ್ಸಿಜನ್ ಎಲ್ಲವನ್ನೂ ಒಟ್ಟಿಗೆ ದಾಖಲಿಸುತ್ತಾರೆ. ಕನಿಷ್ಠ 10 ಸೆಕೆಂಡ್ ಉಸಿರು ನಿಂತದ್ದು ಅಥವಾ ಕುಗ್ಗಿದ್ದು ಗಂಟೆಗೆ ಎಷ್ಟು ಸಲ ಅಂತ ಎಣಿಸುತ್ತಾರೆ. ರಿಪೋರ್ಟಿನಲ್ಲಿ ಅದಕ್ಕೆ ಎಎಚ್‌ಐ ಅಂತ ಇರುತ್ತದೆ. 5ಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯ, 30 ದಾಟಿದರೆ ತೀವ್ರ. ಇದನ್ನು ಮನೆಯಲ್ಲೇ ಮಾಡುವ ಉಪಕರಣವೂ ಇದೆ. ಆದರೆ ಅದನ್ನು ಡಾಕ್ಟರೇ ಬರೆಯಬೇಕು, ಡಾಕ್ಟರೇ ಓದಬೇಕು. ಮಾರುವವರು ಅಲ್ಲ.

ಭಾವನಿಗೆ ಕೊಟ್ಟ ಮಾಸ್ಕ್ ದೊಡ್ಡದಾಗಿತ್ತು. ಗಾಳಿ ಸೋರಿ ಕಣ್ಣಿಗೆ ಬಡಿಯುತ್ತಿತ್ತು. ಸಿಪ್ಯಾಪ್‌ನ ಒತ್ತಡವನ್ನು ಸಾಮಾನ್ಯವಾಗಿ 4ರಿಂದ 20ರ ನಡುವೆ (ಸೆಂಟಿಮೀಟರ್ ನೀರಿನ ಲೆಕ್ಕದಲ್ಲಿ) ಆಯಾ ರೋಗಿಗೆ ತಕ್ಕ ಹಾಗೆ ಹೊಂದಿಸಬೇಕು. ಇದರಲ್ಲಿ ಹಿಂದಿನವರಿಗೆ ಇಟ್ಟದ್ದೇ ಇತ್ತು. ಫೋನ್ ಮಾಡಿದರೆ "ಅಭ್ಯಾಸ ಆಗುತ್ತೆ" ಅಂದರು. ಆಮೇಲೆ ಫೋನೇ ಎತ್ತಲಿಲ್ಲ. ಭಾವ ಮೆಷಿನನ್ನು ಅಟ್ಟಕ್ಕೆ ಹಾಕಿದರು. "ಮೆಷಿನ್ ಹಾಕಿಯೇ ಆಗಲಿಲ್ಲ, ಇನ್ನು ಸುಮ್ನೆ ಟೆಸ್ಟ್ ಯಾಕೆ" ಅಂತ ಮಂಗಳೂರಿಗೂ ಹೋಗಲಿಲ್ಲ.

ನನಗೆ ಸಿಟ್ಟು ಇರುವುದು ಇದಕ್ಕೇ. ಚಿಕಿತ್ಸೆಯ ಮೇಲಿನ ನಂಬಿಕೆಯನ್ನೇ ಅವರು ಕಿತ್ತುಕೊಂಡರು. ತಿಂಗಳುಗಟ್ಟಲೆ ಭಾವ ಹಾಗೇ ಲೋಡ್ ಗಾಡಿ ಓಡಿಸಿದರು. ಕೊನೆಗೆ ಕುಂಬಳೆ ಹತ್ತಿರ ಕಣ್ಣು ಮುಚ್ಚಿ ಗಾಡಿ ರಸ್ತೆ ಬಿಟ್ಟಿತು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ಮತ್ತೆ ಹೆಸರು ಬರೆಸಿ ಟೆಸ್ಟ್ ಮಾಡಿಸಿದಾಗ ತೀವ್ರ ಅಂತಲೇ ಬಂತು. ಹಾಗಾದರೆ ಮಾರಿದವರು ಹೇಳಿದ್ದು ಸರಿಯೇ ಅಲ್ವಾ ಅಂತ ಕೆಲವರು ಕೇಳಿದರು. ಅಲ್ಲ. ಅವರದ್ದು ಬರೀ ಕ್ಲಿಪ್ ನೋಡಿ ಹೇಳಿದ ಊಹೆ, ಕೊಟ್ಟ ಮೆಷಿನ್ ಭಾವನಿಗೆ ಹೊಂದಿಸಿದ್ದೂ ಅಲ್ಲ. ಈಗ ಅಳತೆಗೆ ಸರಿಯಾದ ಮಾಸ್ಕ್, ಸರಿಯಾದ ಒತ್ತಡ ಇದೆ. ಅದೇ ಭಾವ ರಾತ್ರಿಯಿಡೀ ಹಾಕಿಕೊಂಡು ಮಲಗುತ್ತಾರೆ.

ಹಳೆ ಮೆಷಿನ್ ಬಗ್ಗೆ ಇನ್ನೊಂದು ಮಾತು. 2021ರ ಜೂನ್‌ನಲ್ಲಿ ಫಿಲಿಪ್ಸ್ ಕಂಪನಿ ತನ್ನ ಹಲವು ಸಿಪ್ಯಾಪ್ ಮಾದರಿಗಳನ್ನು ತಾನೇ ವಾಪಸ್ ಕರೆಸಿಕೊಂಡಿತು. ಒಳಗಿನ ಫೋಮ್ ಪುಡಿಯಾಗಿ ಉಸಿರಿಗೆ ಸೇರಬಹುದು ಅನ್ನುವುದು ಕಾರಣ. ಕೈ ಬದಲಾಗಿ ಬರುವ ಮೆಷಿನ್ ಯಾವ ಮಾದರಿ ಅಂತ ಯಾರು ನೋಡುತ್ತಾರೆ?

ಕಾಯುವಾಗ ನಿದ್ದೆ ಸರಿ ಇಲ್ಲ ಅಂತ ನಿದ್ದೆ ಮಾತ್ರೆ ನುಂಗಬೇಡಿ. ಅದು, ಮತ್ತೆ ಕುಡಿತ, ಉಸಿರು ನಿಲ್ಲುವುದನ್ನು ಜಾಸ್ತಿ ಮಾಡಬಹುದು. ಮಗ್ಗುಲಾಗಿ ಮಲಗಿ. ತೂಕಡಿಕೆ ಇದ್ದರೆ ಗಾಡಿ ಮುಟ್ಟಬೇಡಿ. ಈ ನಡುವೆ ಏನಾದರೂ ಆಪರೇಷನ್ ಇದ್ದರೆ ಅರಿವಳಿಕೆ ಕೊಡುವ ಡಾಕ್ಟರಿಗೆ ಅಪ್ನಿಯಾ ಸಂಶಯ ಇದೆ ಅಂತ ಹೇಳಿ. ಡ್ರೈವಿಂಗ್ ಕೆಲಸದವರಾದರೆ ಅದನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಎರಡನೇ ಸಲ ಭಾವನಿಗೆ ಬೇಗ ದಿನ ಸಿಕ್ಕಿದ್ದು ಡಾಕ್ಟರು ಹಾಗೆ ಬರೆದುಕೊಟ್ಟದ್ದರಿಂದ.