ಚಳಿಯಲ್ಲಿ ಮರಗಟ್ಟಿದ ಎಂಜಿನ್‌ಗೆ ಬಿಸಿಗಾಳಿಯೋ, ವಿದ್ಯುತ್ ಹೀಟರೋ?

ಕಡು ಚಳಿಯಲ್ಲಿ ಸಣ್ಣ ವಿಮಾನದ ಪಿಸ್ಟನ್ ಎಂಜಿನ್ ಶುರುವಾಗುತ್ತದೆಯೇ ಎಂದು ಎಲ್ಲರೂ ಕೇಳುತ್ತಾರೆ. ಶುರುವಾದ ಮೊದಲ ನಿಮಿಷದಲ್ಲಿ ಒಳಗೆ ಎಷ್ಟು ಸವೆಯುತ್ತದೆ ಎಂಬುದು ನನಗೆ ಅದಕ್ಕಿಂತ ದೊಡ್ಡ ಚಿಂತೆ. ಎಂಜಿನ್‌ನ ಹೊರಕವಚವಾದ ಕ್ರ್ಯಾಂಕ್‌ಕೇಸ್ ಅಲ್ಯೂಮಿನಿಯಂನದು, ಅದರೊಳಗೆ ತಿರುಗುತ್ತ ಪ್ರೊಪೆಲ್ಲರನ್ನು ತಿರುಗಿಸುವ ದಂಡ, ಕ್ರ್ಯಾಂಕ್‌ಶಾಫ್ಟ್, ಉಕ್ಕಿನದು. ತಣಿದಾಗ ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚುಕಡಿಮೆ ಎರಡರಷ್ಟು ಕುಗ್ಗುತ್ತದೆ. ಹಾಗಾಗಿ ಆ ದಂಡ ಕೂತು ತಿರುಗುವ ಬೇರಿಂಗ್‌ನ ಸಂದು ಬಿಗಿಯಾಗುತ್ತದೆ. ಅಲ್ಲಿಗೆ ಹರಿಯಬೇಕಾದ ಎಣ್ಣೆಯೋ ಜೇನಿನಂತೆ ಗಟ್ಟಿಯಾಗಿರುತ್ತದೆ. ಎಂಜಿನ್ ತಯಾರಿಸುವ ಕಂಪನಿಗಳಲ್ಲಿ ಲೈಕಮಿಂಗ್ ತನ್ನ ಹೆಚ್ಚಿನ ಮಾದರಿಗಳಿಗೆ ಮೈನಸ್ 12 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ, ಕಾಂಟಿನೆಂಟಲ್ ಮೈನಸ್ 7ಕ್ಕಿಂತ ಕೆಳಗೆ ಎಂಜಿನ್ನನ್ನು ಮೊದಲೇ ಬಿಸಿ ಮಾಡಬೇಕು ಎನ್ನುವುದು ಇದಕ್ಕಾಗಿಯೇ.

ನಾನು ಬಳಸಿ ನೋಡಿದ ಮೂರು ದಾರಿಗಳಲ್ಲಿ ಬಿಸಿಗಾಳಿಯ ಹೀಟರ್ ಅತಿ ವೇಗದ್ದು. ಕೊಳವೆಯನ್ನು ಎಂಜಿನ್ನಿನ ಮುಚ್ಚಳವಾದ ಕೌಲಿಂಗ್‌ನೊಳಗೆ ಇಟ್ಟರೆ ಸಿಲಿಂಡರ್‌ಗಳು ಬೇಗ ಬೆಚ್ಚಗಾಗುತ್ತವೆ. ಆದರೆ ಆ ಬಿಸಿ ಮೇಲ್ಮೈಯದು. ಸಿಲಿಂಡರ್ ಮುಟ್ಟಿದರೆ ಬೆಚ್ಚಗೆ, ಎಣ್ಣೆಯ ಮಟ್ಟ ನೋಡುವ ಕಡ್ಡಿ, ಡಿಪ್‌ಸ್ಟಿಕ್, ಎಳೆದರೆ ಎಣ್ಣೆ ಇನ್ನೂ ತಣ್ಣಗೆ. ಆ ಸ್ಥಿತಿಯಲ್ಲಿ ಎಂಜಿನ್ ಸಲೀಸಾಗಿ ಶುರುವಾಗುತ್ತದೆ, ಎಣ್ಣೆಯ ಒತ್ತಡ ಮಾತ್ರ ಏರುವುದಿಲ್ಲ. ಅವಸರವನ್ನು ತಡೆದು ಗಾಳಿಯನ್ನು ಕೆಳಗೆ ಎಣ್ಣೆ ನಿಲ್ಲುವ ತೊಟ್ಟಿಯಾದ ಸಂಪ್‌ಗೂ ತಿರುಗಿಸಬೇಕು. ಒಂದೇ ಕಡೆ ಬಹಳ ಹೊತ್ತು ಊದಿದರೆ ರಬ್ಬರ್ ಕೊಳವೆ, ವೈರುಗಳು ಸುಡುತ್ತವೆ. ಸುತ್ತ ಪೆಟ್ರೋಲ್ ಆವಿಯಿರುವ ಕಡೆ ಬೆಂಕಿಯ ಹೀಟರ್. ನಾನಂತೂ ಅದನ್ನು ಬಿಟ್ಟು ಕದಲುವುದಿಲ್ಲ.

ಸಂಪ್‌ನ ಅಡಿಗೆ ಅಂಟಿಸುವ ವಿದ್ಯುತ್ ಪ್ಯಾಡ್ ಇದಕ್ಕೆ ತದ್ವಿರುದ್ಧ: ಎಣ್ಣೆ ಬೆಚ್ಚಗೆ, ಮೇಲೆಲ್ಲ ತಣ್ಣಗೆ. ಅಗ್ಗದ್ದು, ಸಾಧಾರಣ ಚಳಿಗೆ ಸಾಕು. ಆದರೆ ಅದೊಂದನ್ನೇ ವಾರಗಟ್ಟಲೆ ಉರಿಸುವುದನ್ನು ನಾನು ಒಪ್ಪುವುದಿಲ್ಲ. ಬಿಸಿ ಎಣ್ಣೆಯಿಂದೆದ್ದ ತೇವ ಕವಾಟಗಳನ್ನು ತೆರೆಯುವ ದಂಡವಾದ ತಣ್ಣನೆಯ ಕ್ಯಾಮ್‌ಶಾಫ್ಟ್‌ನ ಮೇಲೆ ಹನಿಗಟ್ಟಿ ತುಕ್ಕಿಗೆ ದಾರಿಯಾಗುತ್ತದೆ.

ನನ್ನ ಆಯ್ಕೆ ಮೂರನೆಯದು: ಸಂಪ್‌ಗೆ ಪ್ಯಾಡ್, ಪ್ರತಿ ಸಿಲಿಂಡರ್‌ಗೂ ಪಟ್ಟಿ ಹೀಟರ್, ಮೇಲೆ ದಪ್ಪ ಹೊದಿಕೆ. ದುಬಾರಿ, ಜೋಡಿಸಲು ಮೆಕ್ಯಾನಿಕ್ ಬೇಕು, ಹಿಂದಿನ ರಾತ್ರಿಯೇ ಪ್ಲಗ್ ಹಾಕಬೇಕು. ಆದರೆ ಬೆಳಗ್ಗೆ ಪ್ರೊಪೆಲ್ಲರ್‌ನ ನಡುಭಾಗ ಮುಟ್ಟಿದರೆ ಅದೂ ಬೆಚ್ಚಗಿರುತ್ತದೆ. ಬಿಸಿ ಕ್ರ್ಯಾಂಕ್‌ಶಾಫ್ಟ್‌ನ ಉದ್ದಕ್ಕೂ ಹರಿದಿದೆ ಎಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ನನಗೆ ಬೇಡ. ಆಗ ಎಣ್ಣೆಯ ಒತ್ತಡದ ಮುಳ್ಳು ಅರ್ಧ ನಿಮಿಷ ತುಂಬುವ ಮೊದಲೇ ಮೇಲೇಳುತ್ತದೆ. ಹೊದಿಕೆಯನ್ನು ಕಡೆಗಣಿಸಬೇಡಿ, ಅದಿಲ್ಲದಿದ್ದರೆ ಸಣ್ಣ ಗಾಳಿ ಬೀಸಿದರೂ ಬಹಳಷ್ಟು ಶಾಖ ಹಾರಿಹೋಗುತ್ತದೆ. ಚಳಿಯಲ್ಲೂ ಅಷ್ಟಾಗಿ ಗಟ್ಟಿಯಾಗದ, 15ಡಬ್ಲ್ಯೂ-50ರಂಥ ಮಲ್ಟಿಗ್ರೇಡ್ ಎಣ್ಣೆ ಒಳ್ಳೆಯದೇ, ಆದರೆ ಅದು ಬೇರಿಂಗ್‌ನ ಸಂದನ್ನು ಹಿಗ್ಗಿಸಲಾರದು.

ಆದರೂ ಬಿಸಿಗಾಳಿಯ ಹೀಟರನ್ನು ನಾನು ಮಾರಿಲ್ಲ. ವಿದ್ಯುತ್ ಸಂಪರ್ಕವಿಲ್ಲದ ರನ್‌ವೇಗಳಲ್ಲಿ ಅದೇ ಗತಿ. ಇನ್ನೊಂದು ಸಂದರ್ಭವೂ ಇದೆ: ಎಂಜಿನ್ ಒಮ್ಮೆ ಕೆಮ್ಮಿ ನಿಂತರೆ, ಆ ಕ್ಷಣದ ದಹನದಲ್ಲಿ ಹುಟ್ಟಿದ ನೀರಾವಿ ಸ್ಪಾರ್ಕ್ ಪ್ಲಗ್‌ನ ತುದಿಯಲ್ಲಿ ಹಿಮಗಟ್ಟುತ್ತದೆ. ಆಮೇಲೆ ಎಷ್ಟು ತಿರುಗಿಸಿದರೂ ಬ್ಯಾಟರಿ ಬರಿದಾಗುತ್ತದೆಯೇ ಹೊರತು ಕಿಡಿ ಹಾರುವುದಿಲ್ಲ. ಪ್ಲಗ್‌ಗಳನ್ನು ಬಿಚ್ಚದೆ ಆ ಹಿಮ ಕರಗಿಸಲು ಬಿಸಿಗಾಳಿಯಷ್ಟು ಬೇಗ ಕೆಲಸಕ್ಕೆ ಬರುವುದು ಬೇರೊಂದಿಲ್ಲ.