ಜಿಂಕ್ ಸಲ್ಫೇಟ್: 21ರ ಚೀಲವೋ, 33ರದೋ?

ಗೊಬ್ಬರದಂಗಡಿಯಲ್ಲಿ 'ಜಿಂಕ್ ಕೊಡಿ' ಎಂದರೆ ಮೂರರಲ್ಲಿ ಒಂದು ಕೈಗೆ ಬರುತ್ತದೆ: ಶೇ 21 ಸತುವಿರುವ ಹರಳು, ಶೇ 33ರ ಪುಡಿ, ಶೇ 12ರ ಇಡಿಟಿಎ (ಸತುವನ್ನು ಕರಗುವ ರೂಪದಲ್ಲೇ ಹಿಡಿದಿಡುವ ರಾಸಾಯನಿಕ) ಪೊಟ್ಟಣ. ಭತ್ತದ ಗದ್ದೆಯ ಮಣ್ಣಿಗೆ ಹಾಕುವುದಾದರೆ ಮೂರನೆಯದನ್ನು ಅಲ್ಲೇ ಬಿಟ್ಟು ಬನ್ನಿ. ಅದು ಸಿಂಪಡಣೆಯ ಸರಕು, ಮಣ್ಣಿಗೆ ಸುರಿದರೆ ಖರ್ಚು ಹೆಚ್ಚು.

ಮೊದಲೆರಡರ ನಡುವಿನ ವ್ಯತ್ಯಾಸ ನೀರಿನದು. ಒಂದೊಂದು ಜಿಂಕ್ ಸಲ್ಫೇಟ್ ಘಟಕಕ್ಕೆ 21ರ ಹರಳಿನೊಳಗೆ ಏಳು ನೀರಿನ ಅಣು, 33ರದರಲ್ಲಿ ಒಂದೇ. ಎಕರೆಗೆ 21ರದು 10 ಕೆಜಿ ಹಾಕಿದರೆ ಸಿಗುವ ಸತು 2.1 ಕೆಜಿ, ಅಷ್ಟೇ ಸತುವಿಗೆ 33ರದು 6.4 ಕೆಜಿ ಸಾಕು. ಚೀಲದ ಬೆಲೆ ನೋಡಬೇಡಿ. ಕೆಜಿ ಬೆಲೆಯನ್ನು ಒಂದಕ್ಕೆ 0.21ರಿಂದ, ಇನ್ನೊಂದಕ್ಕೆ 0.33ರಿಂದ ಭಾಗಿಸಿ, ಕಡಿಮೆ ಬಂದದ್ದನ್ನು ತನ್ನಿ. ಬೆಲೆ ಸಮ ಬಿದ್ದರೆ ನಮ್ಮ ಓಟು 33ಕ್ಕೆ: ಹರಳು ಮಳೆಗಾಲದಲ್ಲಿ ಕಲ್ಲಿನಂತೆ ಗಟ್ಟಿಯಾಗುತ್ತದೆ. (ಒಣ ಬಿಸಿಲಿಗೆ ಅದೇ ಹರಳು ಬಿಳಿ ಪುಡಿಯಾದರೆ ಎಸೆಯಬೇಡಿ. ಹೋದದ್ದು ನೀರು, ಸತುವಲ್ಲ.)

ಕೊನೆಯ ಕೆಸರು ಉಳುಮೆ ಮುಗಿಸಿ, ಹಲಗೆ ಹೊಡೆದ ಮೇಲೆ, ಒಣ ಮರಳಿನೊಂದಿಗೆ ಬೆರೆಸಿ ಎರಚಿ. ರಂಜಕದ ಗೊಬ್ಬರವಾದ ಡಿಎಪಿ ಜೊತೆ ಒಂದೇ ಬುಟ್ಟಿಯಲ್ಲಿ ಕಲಸುವುದೇ ದೊಡ್ಡ ತಪ್ಪು: ರಂಜಕ ಸತುವನ್ನು ಹಿಡಿದು ಕರಗದ ಜಿಂಕ್ ಫಾಸ್ಫೇಟ್ ಆಗುತ್ತದೆ, ಬೇರಿಗೆ ಸಿಗುವುದಿಲ್ಲ.

ಕಲಬೆರಕೆ ಹಿಡಿಯಲು ಇದೇ ಗುಣ ನೆರವಾಗುತ್ತದೆ. ನೋಟಕ್ಕೆ ಒಂದೇ ಥರ ಇರುವ ಅಗ್ಗದ ಮೆಗ್ನೀಸಿಯಂ ಸಲ್ಫೇಟನ್ನು ಇದರ ಹೆಸರಲ್ಲಿ ಮಾರುವುದುಂಟು. ಡಿಎಪಿ ಕರಗಿಸಿ, ಸೋಸಿದ ತಿಳಿಗೆ ಜಿಂಕ್ ಕರಗಿಸಿದ ನೀರು ಹಾಕಿ. ಅಸಲಿಯಾದರೆ ಬಿಳಿ ಗಷ್ಟು ದಟ್ಟವಾಗಿ ಕಟ್ಟುತ್ತದೆ. ಆದರೆ ಅರ್ಧಂಬರ್ಧ ಬೆರಕೆ ಇದ್ದರೂ ಗಷ್ಟು ಬರುತ್ತದೆ, ಹಾಗಾಗಿ ಇನ್ನೊಂದು ಪರೀಕ್ಷೆ ಬೇಕು: ಜಿಂಕ್ ನೀರಿಗೆ ತೆಳು ಕಾಸ್ಟಿಕ್ ಸೋಡಾ ಹಾಕಿದರೆ ಗಂಜಿಯಂಥ ಗಷ್ಟು, ಮೇಲೆ ಗಟ್ಟಿ ಕಾಸ್ಟಿಕ್ ಸುರಿದರೆ ಅದು ಪೂರ್ತಿ ಕರಗಬೇಕು. ಕರಗದೆ ಉಳಿದರೆ ಮೆಗ್ನೀಸಿಯಂ ಇದೆ. ಕೈಗೆ ಗವಸು, ಕಣ್ಣಿಗೆ ಕನ್ನಡಕ ಇಲ್ಲದೆ ಇದಕ್ಕೆ ಕೈ ಹಾಕಬೇಡಿ.

ನಾಟಿಯಾದ ಎರಡು–ಮೂರು ವಾರಕ್ಕೆ ಎಲೆಯ ಬುಡ ಬಿಳಿಚಿ, ತುಕ್ಕಿನ ಬಣ್ಣದ ಚುಕ್ಕೆ ಎದ್ದರೆ ಅದು ಖೈರಾ ರೋಗ. ಸತುವಿನ ಕೊರತೆಯೇ ಇದಕ್ಕೆ ಕಾರಣವೆಂದು 1966ರಲ್ಲಿ ಪಂತನಗರದಲ್ಲಿ ಸಸ್ಯರೋಗ ವಿಜ್ಞಾನಿ ವೈ.ಎಲ್. ನೆನೆ ಗುರುತಿಸಿದರು. ಸುಣ್ಣದಂಶ, ರಸಸಾರ (ಪಿಎಚ್) ಎರಡೂ ಹೆಚ್ಚಿರುವ ಕಪ್ಪು ಮಣ್ಣಿನಲ್ಲಿ ಇದರ ಕಾಟ ಜಾಸ್ತಿ. ಆಗ ಸಿಂಪಡಣೆಯೇ ದಾರಿ: 15 ಲೀಟರ್ ಟ್ಯಾಂಕಿಗೆ 21ರ ಹರಳು 75 ಗ್ರಾಂ, ಜೊತೆಗೆ ಸುಮಾರು 37 ಗ್ರಾಂ ಸುಣ್ಣವನ್ನು ರಾತ್ರಿ ನೆನೆಹಾಕಿ ಬಟ್ಟೆಯಲ್ಲಿ ಸೋಸಿದ ತಿಳಿ. ಸುಣ್ಣ ಬಿಟ್ಟರೆ ಎಲೆ ಸುಡುತ್ತದೆ, ಸೋಸದಿದ್ದರೆ ನಾಜಲ್ ಕಟ್ಟುತ್ತದೆ. ಇಡಿಟಿಎಗೆ ಸುಣ್ಣ ಬೇಡ, ಲೀಟರಿಗೆ ಅರ್ಧದಿಂದ ಒಂದು ಗ್ರಾಂ ಸಾಕು. ಅದರ ಬೆಲೆಗೆ ನ್ಯಾಯ ಸಿಗುವುದು ಇಲ್ಲಿ ಮಾತ್ರ.

ಒಮ್ಮೆ ಮಣ್ಣಿಗೆ ಹಾಕಿದ್ದು ಎರಡು–ಮೂರು ಬೆಳೆಗೆ ಬರುತ್ತದೆ. ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಸತು 0.6 ಪಿಪಿಎಂಗಿಂತ (ಹತ್ತು ಲಕ್ಷ ಭಾಗ ಮಣ್ಣಿನಲ್ಲಿ 0.6 ಭಾಗ) ಸಾಕಷ್ಟು ಮೇಲಿದ್ದರೆ ಈ ಹಂಗಾಮಿಗೆ ಯಾವ ಚೀಲವೂ ಬೇಡ.