ತಾಮ್ರ ಅಂತ ಅಲ್ಯೂಮಿನಿಯಂ ಹೂಳಿ ಹೋದ! ಪೈಪಿನ ಜೊತೆ ಟ್ರೇಸರ್ ವೈರ್ ಹಾಕಿಸೋರು ದಯವಿಟ್ಟು ಓದಿ

ಇವತ್ತು ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬರುವಾಗ ಪಕ್ಕದೂರಿನ ತೋಟದ ಮುಂದೆ, ನಮ್ಮ ತೋಟದ ಪೈಪಿಗೆ ವೈರು ಹಾಕಿ ಮೋಸ ಮಾಡಿದವನ ಗಾಡಿ ನಿಂತಿತ್ತು. ಅದೇ ಮನುಷ್ಯ, ಅದೇ ನೀಲಿ ವೈರಿನ ಕಾಯಿಲುಗಳನ್ನ ಇಳಿಸ್ತಿದ್ದ. ನನಗೆ ಕೈಕಾಲು ನಡುಗಿತು. ಆ ತೋಟದವರಿಗೆ ಅಲ್ಲೇ ಹೇಳಿ ಬಂದೆ. ಉಳಿದವರಿಗೂ ಗೊತ್ತಾಗಲಿ ಅಂತ ಬರೀತಿದ್ದೀನಿ. ಅವನ ಹೆಸರು ಹಾಕಲ್ಲ, ಮಾಡಿದ ಕೆಲಸ ಗೊತ್ತಾದ್ರೆ ಸಾಕು.

ನಮ್ಮದು ಅರಸೀಕೆರೆ ಕಡೆ ತೆಂಗಿನ ತೋಟ. ಬೋರ್‌ವೆಲ್ ಕೆಳಗಿನ ಹೊಲದಲ್ಲಿ, ತೊಟ್ಟಿ ಮೇಲೆ ಮನೆ ಹತ್ರ. ನಡುವೆ 640 ಮೀಟರ್ ಎಚ್‌ಡಿಪಿಇ (ಪ್ಲಾಸ್ಟಿಕ್) ಪೈಪು, ಮೂರಡಿ ಆಳ. ಹಳೇ ಲೈನು ಎಲ್ಲಿ ಹೋಗಿದೆ ಅಂತ ಅಪ್ಪನಿಗೆ ಮಾತ್ರ ಗೊತ್ತಿತ್ತು. ಅಪ್ಪ ಹೋದ ಮೇಲೆ ಎರಡು ಸಲ ಜೆಸಿಬಿಗೆ ಸಿಕ್ಕಿ ಒಡೀತು. ನೆಲದೊಳಗಿನ ಪೈಪು, ವೈರು ಹುಡುಕೋ ಲೊಕೇಟರ್ ಮಿಷನ್ನು ಪ್ಲಾಸ್ಟಿಕ್ ಪೈಪನ್ನ ಹಿಡಿಯಲ್ಲ. ಅದಕ್ಕೇ ಪೈಪಿನುದ್ದಕ್ಕೂ ಟ್ರೇಸರ್ ವೈರ್ ಅಂತ ಒಂದು ತಂತಿ ಹೂಳಿ, ಬೇಕಾದಾಗ ಅದಕ್ಕೆ ಸಿಗ್ನಲ್ ಬಿಟ್ಟು ಮೇಲಿಂದ ಜಾಡು ಹಿಡೀತಾರೆ. ಬೆಂಗಳೂರಲ್ಲಿ ಗ್ಯಾಸ್ ಪೈಪಿನ ಕೆಲಸದಲ್ಲಿರೋ ತಮ್ಮ ಹೇಳಿಕೊಟ್ಟಿದ್ದು. ಹೊಸ ಲೈನಿಗೆ ಹಾಕಿಸಲೇಬೇಕು ಅಂತ ನಾನೇ ಪಟ್ಟು ಹಿಡಿದೆ.

'ಪಕ್ಕಾ ಕಾಪರ್ ಅಣ್ಣ, 2.5 ಸ್ಕ್ವೇರ್ ಎಂಎಂ' ಅಂದ ಆ ವೈರಿನವನು. 90 ಮೀಟರಿನ ಕಾಯಿಲು 4,800 ರೂಪಾಯಿ. 8 ಕಾಯಿಲು, 38,400. ಕೂಲಿ ಬೇರೆ. ಕಾಯಿಲು ಇಳಿಸಿಕೊಂಡಿದ್ದು ನಾನೇ. ಒಂದೇ ಕೈಯಲ್ಲಿ ಎರಡೆರಡು ಎತ್ತಿದೆ. 'ಇಷ್ಟು ಹಗುರ ಇದ್ಯಲ್ಲಪ್ಪ' ಅಂದೆ. 'ಟ್ರೇಸರ್ ವೈರ್ ಅಂದ್ರೆ ಹಂಗೇ ಅಣ್ಣ, ಮನೆ ವೈರಿಂಗ್ ತರ ಅಲ್ಲ' ಅಂದ. ಸುಮ್ಮನಾದೆ. ಅವತ್ತು ಯಾಕೆ ಸುಮ್ಮನಾದೆ ಅನ್ನೋದೇ ಈಗಲೂ ಒಳಗೆ ಕೊರೀತಿದೆ.

ಒಂದೂವರೆ ವರ್ಷ ಆಯ್ತು. ಕೃಷಿ ಹೊಂಡ ತೆಗೆಸೋಣ ಅಂತ ಲೊಕೇಟರ್ ಮಿಷನ್ ಇರೋರನ್ನ ಕರೆಸಿದೆ, ಅವರಿಗೇ 6,500. ಪಂಪ್‌ಹೌಸ್ ಹತ್ರ ವೈರಿಗೆ ಕ್ಲಿಪ್ ಹಾಕಿ ಹೊರಟರು. ಸದ್ದು ಚೆನ್ನಾಗೇ ಬರ್ತಿತ್ತು. 90 ಮೀಟರಿಗೆ ಸರಿಯಾಗಿ ನಿಂತೇ ಹೋಯ್ತು. ಮೊದಲನೇ ಕಾಯಿಲು ಮುಗಿಯೋ ಜಾಗ! ಜೆಸಿಬಿ ಬಾಡಿಗೆ ಓಡ್ತಾ ಇತ್ತು, ಅಂದಾಜಿನ ಮೇಲೆ ಅಗೆಸಿದೆ. ಮೂರನೇ ಬಕೆಟ್ಟಿಗೇ ಪೈಪು ಸೀಳಿತು.

ಆಮೇಲೆ ಆ 90 ಮೀಟರಿನ ಜಾಗವನ್ನ ಗುದ್ದಲಿಯಲ್ಲಿ ನಿಧಾನ ಬಿಡಿಸಿದ್ವಿ. ಎರಡು ತುದಿ ತಿರುಚಿ ಕಪ್ಪು ಇನ್ಸುಲೇಷನ್ ಟೇಪ್ ಸುತ್ತಿದ್ದ, ಅಷ್ಟೇ. ಟೇಪು ಬಿಚ್ಚಿದ್ರೆ ಒಳಗೆ ತಂತಿಯೇ ಇಲ್ಲ, ಸುಣ್ಣದಂಥ ಬಿಳೀ ಪುಡಿ, ಒದ್ದೆ. ಸ್ವಲ್ಪ ಹಿಂದೆ ವೈರು ಕತ್ತರಿಸಿ ಬ್ಲೇಡಲ್ಲಿ ಕೆರೆದೆ. ಮೇಲೆ ಕೆಂಪು, ಒಂದು ಗೀರಿಗೇ ಒಳಗೆ ಬೆಳ್ಳಗೆ. ಇನ್ನೊಂದು ಕಡೆ ಕೆರೆದೆ, ಅಲ್ಲೂ ಬೆಳ್ಳಗೆ. ತಮ್ಮ, ಮಿಷನ್ನಿನವರು, ಜೆಸಿಬಿ ಹುಡುಗ ಎಲ್ಲರೂ ನೋಡ್ತಿದ್ರು. ನನಗೆ ತಲೆ ಎತ್ತೋಕಾಗಲಿಲ್ಲ. ಅಲ್ಯೂಮಿನಿಯಂ ಮೇಲೆ ತಾಮ್ರದ ತೆಳು ಪದರ. ಒಂದು ಕಡೆ ಪದರ ಕಿತ್ತು ತೇವ ತಾಗಿದ್ರೆ ಸಾಕು, ಒಳಗಿನದ್ದು ತಿಂದೇ ಹೋಗುತ್ತೆ. ಒಂದು ಮೀಟರ್ ಸುಲಿದು ಚಿನ್ನದ ಅಂಗಡಿಯಲ್ಲಿ ತೂಗಿಸಿದೆ. 9 ಗ್ರಾಂ. ಆ ಗಾತ್ರದ ಅಪ್ಪಟ ತಾಮ್ರ ಆಗಿದ್ರೆ 22 ಗ್ರಾಂ ಬರಬೇಕಿತ್ತು.

ಫೋನ್ ಮಾಡಿದೆ. 'ಮಣ್ಣೊಳಗೆ ಹೋದ ಮೇಲೆ ಯಾವ ವೈರಿಗೂ ಗ್ಯಾರಂಟಿ ಇಲ್ಲ ಅಣ್ಣ.' ಫೋಟೋ ಕಳಿಸಿದೆ. 'ಅದು ಟಿನ್ ಕೋಟಿಂಗ್ ಅಣ್ಣ, ಅದಕ್ಕೇ ಬಿಳಿ.' ತವರ ಹಚ್ಚಿದ್ರೆ ಹೊರಗೆ ಬಿಳಿ ಇದ್ದು ಒಳಗೆ ಕೆಂಪಿರಬೇಕಲ್ಲಪ್ಪ, ಇದು ತಿರುಗುಮುರುಗು ಅಲ್ವಾ ಅಂದೆ. ಎರಡು ದಿನ ಉತ್ತರ ಇಲ್ಲ. ಮತ್ತೆ ಮಾಡಿದಾಗ ಅಂದ, 'ನೀವೇ ಮುಂದೆ ನಿಂತು ಹಾಕಿಸಿದ್ರಲ್ಲ ಅಣ್ಣ, ಆವಾಗ ಕಣ್ಣು ಎಲ್ಲಿತ್ತು?' ನನ್ನ ಮನೇಲಿ ಮೂರು ದಿನ ಊಟ ಮಾಡಿದವನು ಆಡೋ ಮಾತಾ ಇದು? ಬಿಲ್ಲು ತೆಗೆದು ನೋಡಿದೆ. 'ವೈರ್ 8' ಅಂತ ಮಾತ್ರ ಇದೆ. ತಾಮ್ರ ಅನ್ನೋ ಪದವೇ ಇಲ್ಲ.

ಹಾಕಿಸೋರು ಗಾಡಿಯಿಂದ ಇಳಿಸೋ ಮುಂಚೆಯೇ ಕೆರೆದು ನೋಡಿ, ತೂಗಿ ನೋಡಿ, ಬಿಲ್ಲಲ್ಲಿ ತಾಮ್ರ ಅಂತ ಬರೆಸಿ. ಉಕ್ಕಿನ ಮೇಲೆ ತಾಮ್ರ ಹಾಕಿದ್ದು ಬರುತ್ತೆ, ಅಯಸ್ಕಾಂತ ಹಿಡಿಯುತ್ತೆ, ಅದು ಟ್ರೇಸರ್‌ಗೇ ಅಂತ ಮಾಡಿದ್ದು, ಪರವಾಗಿಲ್ಲ. ಅಲ್ಯೂಮಿನಿಯಂ ನೆಲಕ್ಕೆ ಬೇಡವೇ ಬೇಡ. ಜಾಯಿಂಟಿಗೆ ಟೇಪು ಸಾಲಲ್ಲ, ಜೆಲ್ ತುಂಬಿದ ವಾಟರ್‌ಪ್ರೂಫ್ ಕನೆಕ್ಟರ್ ಕೇಳಿ. ಎರಡೂ ತುದಿ ಕೈಗೆ ಸಿಗೋ ಹಂಗೆ ಮೇಲೆ ಬಂದಿರಬೇಕು, ಕೊನೇ ತುದಿಗೆ ಅರ್ಥಿಂಗ್ ಕೊಡಿಸಿ. ನಮ್ಮದರಲ್ಲಿ ತೊಟ್ಟಿ ಕಡೆ ತುದಿಯನ್ನ ಕಾಂಕ್ರೀಟ್ ಕೆಳಗೇ ಮುಚ್ಚಿಬಿಟ್ಟಿದ್ದಾನೆ! ಮಣ್ಣು ಮುಚ್ಚೋ ಮುಂಚೆ ಮಲ್ಟಿಮೀಟರ್ ಇಟ್ಟು ಈ ತುದಿಯಿಂದ ಆ ತುದಿಗೆ ಕಂಟಿನ್ಯೂಟಿ ಬರುತ್ತಾ, ಅಂದ್ರೆ ವೈರು ನಡುವೆ ಎಲ್ಲೂ ಕಡಿಯದೆ ಇದೆಯಾ ನೋಡಿ, ನೋಡದೆ ದುಡ್ಡು ಕೊಡಬೇಡಿ. ನಾನು ಪೂರ್ತಿ ಕೊಟ್ಟು ಕಳಿಸಿದ್ದೆ.

ಉಳಿದ 550 ಮೀಟರಿನ ಜಾಡನ್ನ ಈಗ ಗುದ್ದಲಿ ಹಿಡ್ಕೊಂಡು ಹುಡುಕ್ತಿದ್ದೀವಿ. ಪೈಪು ಸಿಕ್ಕ ಕಡೆ ಒಂದೊಂದು ಕಲ್ಲು ನೆಡ್ತಿದ್ದೀನಿ. ಇಲ್ಲಿವರೆಗೆ 14 ಕಲ್ಲು.